ಸೂಜಿ ಅಕ್ಕನಿಗೂ ಜ್ವರ ಬಂತು

ಶ್ವಾಸಕೋಶದ ವಾರ್ಡಿನ ಹಿರಿಯ ನರ್ಸಿಗೆ ಆಸ್ಪತ್ರೆಯವರೆಲ್ಲ ಇಟ್ಟ ಹೆಸರು ಸೂಜಿ ಅಕ್ಕ. ವೈರಸ್ಸು ವೇಷ ಬದಲಿಸಿದಾಗಲೆಲ್ಲ ಹೊಸ ಲಸಿಕೆ ಬರುತ್ತಿತ್ತು. ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಚುಚ್ಚುವ ಕೆಲಸ ಅವಳದು. ಆ ವರ್ಷ ಒಬ್ಬಳು ಮಾತ್ರ ಕೈಗೆ ಸಿಗಲಿಲ್ಲ. ಅವಳು ವಾರ್ಡಿನ ಆಯಾ, ಹನ್ನೆರಡು ವರ್ಷದಿಂದ ಮಧ್ಯಾಹ್ನದ ಊಟಕ್ಕೆ ಸೂಜಿ ಅಕ್ಕನ ಜೊತೆಗೆ ಕೂರುವವಳು.

"ಹೋದ ಸಲ ಹಾಕಿಸ್ಕೊಂಡು ಎರಡು ದಿನ ಕೈ ಎತ್ತೋಕಾಗ್ಲಿಲ್ಲ ಅಕ್ಕ. ಬಕೆಟ್ ನೀವು ಎತ್ತಿಕೊಡ್ತೀರಾ?"

"ಕೊಡ್ತೀನಿ."

"ನೋಡಿದೀನಿ ನೀವು ಎತ್ತೋದನ್ನ," ಎಂದು ನಕ್ಕು ನಡೆದುಬಿಟ್ಟಳು ಆಯಾ. ನಾಳೆ ಹಿಡಿದು ಕೂರಿಸಿದರಾಯಿತು ಅಂದುಕೊಂಡ ಸೂಜಿ ಅಕ್ಕನಿಗೆ ಕೆಲಸದ ನಡುವೆ ಅದು ಮರೆತೇಹೋಯಿತು.

ಏಳು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸೂಜಿ ಅಕ್ಕನ ಗಂಟಲು ಕೆರೆಯಿತು. ಧೂಳಿರಬೇಕೆಂದು ಡ್ಯೂಟಿಗೆ ಹೋದಳು. ಎಂದಿನಂತೆ ಮಾಸ್ಕ್ ತೆಗೆದಿಟ್ಟು ಆಯಾಳ ಪಕ್ಕದಲ್ಲೇ ಕೂತು ಉಂಡಳು. ಸಂಜೆಗೆ ಮೈ ಕಾದಿತ್ತು. ಪರೀಕ್ಷೆ ಮಾಡಿಕೊಂಡರೆ ಎರಡು ಗೆರೆ, ಸೋಂಕು ಖಚಿತ.

ಅಣ್ಣನ ಮನೆಯ ಮಹಡಿ ಕೋಣೆ ಅವಳದು. ಅತ್ತಿಗೆ ತಟ್ಟೆಯನ್ನು ಮೇಲಿನ ಮೆಟ್ಟಿಲಲ್ಲಿಟ್ಟು, ಚಮಚದಿಂದ ಒಮ್ಮೆ ಸದ್ದು ಮಾಡಿ ಇಳಿದುಬಿಡುತ್ತಿದ್ದಳು. ಅಣ್ಣ ಕೆಳಗಿನಿಂದಲೇ ಫೋನ್ ಮಾಡಿದ. "ಊರಿಗೆಲ್ಲ ಚುಚ್ಚಿದೋಳು ನೀನು, ನಿನಗೇ ಬಂತಲ್ಲೇ?" ತಮಾಷೆಗೆ ಕೇಳಿದ್ದು. ಅವಳು ಫೋನ್ ಇಟ್ಟಳು. ವಾರ್ಡಿನವರ ವಾಟ್ಸಾಪ್ ಗುಂಪಿನಲ್ಲೂ ಯಾರೋ ನಗುವ ಮುಖ ಹಾಕಿದ್ದರು. ಕೆಳಗೆ ಎಲ್ಲರೂ ಟಿವಿ ಮುಂದೆ ಕೂತು ನಗುತ್ತಿದ್ದುದು ಕೇಳುತ್ತಿತ್ತು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು. ಗೆರೆ ಮಾತ್ರ ಮಾಸಲಿಲ್ಲ. ಏಳನೆಯ ದಿನ ವಾರ್ಡಿನ ಡಾಕ್ಟರು ಫೋನ್ ಮಾಡಿದರು. ಆಯಾಗೂ ಬಂದಿದೆಯಂತೆ. ದಿನಾ ತಾನೇ ಒರೆಸುತ್ತಿದ್ದ ಎಂಟನೇ ಬೆಡ್ಡಿನಲ್ಲಿ ಆಕ್ಸಿಜನ್ ಮೇಲಿದ್ದಾಳಂತೆ.

"ನನ್ನಿಂದ ಹೋಯ್ತಾ ಸರ್?"

"ವಾರ್ಡ್ ತುಂಬಾ ಕೆಮ್ಮೋರೇ ಇದಾರೆ. ಯಾರಿಂದ ಅಂತ ಹೇಳ್ಲಿ? ಇದು ಹೊಸ ತಳಿ. ನಿಮ್ಮನ್ನೂ ಸೇರಿಸಿ ಲಸಿಕೆ ಆದ ಹದಿನಾರು ಜನ ಸಿಬ್ಬಂದಿಗೆ ಅಂಟಿದೆ. ಆದ್ರೆ ಅವರಲ್ಲಿ ಒಬ್ಬರೂ ಇಲ್ಲಿ ಬಂದು ಮಲಗಿಲ್ಲ. ಹದಿನಾರೇ ಜನ, ದೊಡ್ಡ ಮಾತು ಆಡೋ ಹಾಗಿಲ್ಲ. ಆದ್ರೂ ನೀವು ಸೂಜಿ ಹಾಕಿದ್ದು ದಂಡವಾಗಿಲ್ಲ."

ಅದನ್ನು ಕೇಳಿ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಡ್ಯೂಟಿಗೆ ಮರಳಿದ ದಿನ ನೇರ ಎಂಟನೇ ಬೆಡ್ಡಿಗೆ ಹೋದಳು. ಆಯಾ ದಿಂಬಿಗೊರಗಿದ್ದಳು, ಮೂಗಿಗೆ ಕೊಳವೆ.

"ಆವತ್ತು ನನ್ನ ಗಂಟಲು ಕೆರೀತಿತ್ತು. ಗೊತ್ತಿದ್ದೂ ನಿನ್ನ ಪಕ್ಕ ಕೂತೆ."

ಆಯಾ ಮೂಗಿನ ಕೊಳವೆ ಸರಿಮಾಡಿಕೊಂಡಳು. "ಯಾಕೆ ಹೇಳಿದ್ರಿ? ನನಗೇನೂ ಗೊತ್ತಾಗ್ತಿರ್ಲಿಲ್ಲ."

ಸೂಜಿ ಅಕ್ಕ ಹೊದಿಕೆ ಸರಿಮಾಡಿ ಮುಂದಿನ ಬೆಡ್ಡಿಗೆ ಹೋದಳು.

ಹನ್ನೊಂದು ದಿನಕ್ಕೆ ಆಯಾ ಮನೆಗೆ ಹೋದಳು. ತಿಂಗಳಾದ ಮೇಲೆ ಕೆಲಸಕ್ಕೆ ಬಂದಾಗ ಕಣ್ಣಿನ ವಾರ್ಡ್ ಕೇಳಿ ಹಾಕಿಸಿಕೊಂಡಳು. ಎದುರಾದರೆ ತಲೆಯಾಡಿಸುವಳು, ಅಷ್ಟೆ. ಸೂಜಿ ಅಕ್ಕ ಊಟವನ್ನು ಸ್ಟೋರ್ ರೂಮಿನಲ್ಲಿ ನಿಂತೇ ಮುಗಿಸುವುದನ್ನು ರೂಢಿ ಮಾಡಿಕೊಂಡಳು.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ, ಲಸಿಕೆ ಕೋಣೆಯ ಸಾಲಿನ ಕೊನೆಯಲ್ಲಿ ಆಯಾ ನಿಂತಿದ್ದಳು. ಯಾರೂ ಕರೆದಿರಲಿಲ್ಲ.

"ಹಾಕಿಸ್ಕೊಂಡ್ರೆ ಮತ್ತೆ ಬರಲ್ವಾ?"

"ಬರಬಹುದು. ಆದ್ರೆ ಆಕ್ಸಿಜನ್ ತನಕ ಹೋಗೋದು ಬಹಳ ಮಟ್ಟಿಗೆ ತಪ್ಪುತ್ತೆ. ಪೂರ್ತಿ ತಪ್ಪುತ್ತೆ ಅಂತ ಆಣೆ ಮಾಡಲ್ಲ."

ಆಯಾ ಮುಖ ಆಚೆ ತಿರುಗಿಸಿ ತೋಳು ಚಾಚಿದಳು. ಚುಚ್ಚಿಸಿಕೊಂಡವರು ಅರ್ಧ ಗಂಟೆ ಅಲ್ಲೇ ಕೂರಬೇಕು. ಇಬ್ಬರೂ ಕೂತರು. ಕಣ್ಣಿನ ವಾರ್ಡ್ ಹೇಗಿದೆ ಎಂದು ಇವಳು ಕೇಳಿದಳು. ಕೆಲಸ ಹಗುರ ಎಂದು ಅವಳು ಹೇಳಿದಳು. ಹೊತ್ತಾದಾಗ ಆಯಾ "ಬರ್ತೀನಿ" ಎಂದು ಎದ್ದು ಹೋದಳು.

ಸೂಜಿ ಅಕ್ಕ ಪಟ್ಟಿಯಲ್ಲಿ ಗುರುತು ಹಾಕಿ, ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು.