ಪೂಜೆಯಾದ ಮೇಲೆ ಬಂದ ಬಿಲ್

ನಾನು ಒಂದು ಕಾರು. ಹುಟ್ಟಿದಾಗ ನನ್ನ ಬಣ್ಣ ನೀಲಿ. ಈಗ ಬಾಗಿಲು ತೆರೆದರೆ ಒಳಅಂಚಿನಲ್ಲಿ ಮಾತ್ರ ಆ ನೀಲಿ ಕಾಣುತ್ತದೆ.

ಬೇರೆ ರಾಜ್ಯದ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ತೋಳುಗಳು ನನ್ನ ತಗಡನ್ನು ಬಗ್ಗಿಸಿದವು, ಬೆಸೆದವು, ಬಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆದವು. ಮನುಷ್ಯರು ಬಂದದ್ದು ಕೊನೆಯಲ್ಲಿ. ಒಬ್ಬ ಹಾರ್ನ್ ಒತ್ತಿ ನೋಡಿದ. ಇನ್ನೊಬ್ಬ ಗಾಜಿಗೆ ಚೀಟಿ ಅಂಟಿಸಿದ. ಚೀಟಿಯಲ್ಲಿ ನಾನು ಹೋಗಬೇಕಾದ ಊರಿನ ಹೆಸರಿತ್ತು: ಹುಬ್ಬಳ್ಳಿ. ನಾನು ಹುಟ್ಟಿದ್ದಕ್ಕೆ ಸಂತೋಷಪಡುವವರು ಅಲ್ಲಿ ಯಾರೂ ಇರಲಿಲ್ಲ. ಹಿಂದಿನ ಕಾರು ಬರುವುದಕ್ಕೆ ಜಾಗ ಬೇಕಾಗಿತ್ತು, ನನ್ನನ್ನು ಮುಂದೆ ತಳ್ಳಿದರು.

ದೊಡ್ಡ ಟ್ರೇಲರ್ ಲಾರಿಯಲ್ಲಿ ಗಾಲಿಗೆ ಬೆಲ್ಟು ಬಿಗಿದು ನಮ್ಮನ್ನು ಸಾಗಿಸಿದರು. ದಾರಿಯುದ್ದಕ್ಕೂ ಊರುಗಳು ಹಿಂದಕ್ಕೆ ಹೋದವು. ನಾನು ರಸ್ತೆಯ ಮೇಲೆ ಸಾಗುತ್ತಿದ್ದೆ, ಆದರೆ ನನ್ನ ಗಾಲಿಗಳು ಒಂದು ಸುತ್ತೂ ತಿರುಗಲಿಲ್ಲ.

ಹುಬ್ಬಳ್ಳಿಯ ಶೋರೂಮಿನವರು ನಮ್ಮನ್ನು ಊರ ಹೊರಗಿನ ಗೋದಾಮಿನಲ್ಲಿ ಇಳಿಸಿಕೊಂಡರು. ಮಾರಾಟದ ಹುಡುಗ ಪ್ರಶಾಂತ ಬೆಟಗೇರಿ ಸಾಲಿನುದ್ದಕ್ಕೂ ಬಂದು, ನನ್ನ ಮುಂದಿನ ಗಾಜಿನ ಮೇಲೆ ದಪ್ಪ ಪೆನ್ನಿನಿಂದ ‘ಕಾಶವ್ವ ಹೂಗಾರ’ ಎಂದು ಬರೆದ. ಪಕ್ಕದ ಬಿಳಿ ಕಾರಿನ ಮೇಲೆ ಯಾರ ಹೆಸರೂ ಇರಲಿಲ್ಲ. ನನಗೆ ಒಡತಿ ಇದ್ದಾಳೆ ಎಂದು ತಿಳಿದದ್ದು ಆಗ.

ಆಕೆ ನನ್ನನ್ನು ನೋಡಲು ಗೋದಾಮಿಗೇ ಬಂದಳು. ಐವತ್ತರ ಹತ್ತಿರದ ಹೆಂಗಸು, ಬೆರಳ ತುದಿಗಳಲ್ಲಿ ಬಾಳೆನಾರಿನ ಕಪ್ಪು ಕಲೆ. ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ ಇಟ್ಟವಳು. ಮದುವೆ ಮಂಟಪಗಳಿಗೆ ಹಾರ ಕಟ್ಟಿ ಒಯ್ದು ಕೊಡುವುದು ಅವಳ ದೊಡ್ಡ ಕೆಲಸ. ಬಂದವಳು ಎಂಜಿನ್ ಬಗ್ಗೆ ಕೇಳಲಿಲ್ಲ, ಬಣ್ಣ ಹೊಗಳಲಿಲ್ಲ. ಡಿಕ್ಕಿ ತೆಗೆಸಿ, ಎರಡೂ ತೋಳು ಚಾಚಿ ಒಳಗಿನ ಉದ್ದ ಅಳೆದಳು. ಹೂವನ್ನು ಮಾರಿನಲ್ಲಿ ಅಳೆದು ಮಾರುವವರ ಅಳತೆ ಅದು.

“ಹಿಂದಿನ ಸೀಟು ಮಡಚತಾವೇನು?” ಎಂದು ಕೇಳಿದಳು.

“ಪೂರಾ ಮಡಚತಾವ್ರೀ ಅಕ್ಕಾರ,” ಎಂದ ಪ್ರಶಾಂತ.

“ಹಂಗಾದ್ರ ಆತು. ಆಟೋದಾಗ ಒಯ್ದ್ರ ಧಾರವಾಡ ಮುಟ್ಟೂದ್ರಾಗ ಮಲ್ಲಿಗಿ ಗಾಳಿ ಹೊಡದು ಕೆಂಪಾಗ್ತಾವು. ಈ ಸಲ ಮದುವಿ ಆರ್ಡರ್ ಹಿಡದೀನಿ. ಗಾಡಿ ತಪ್ಪಿಸಬ್ಯಾಡ್ರಿ.”

ಗಾಡಿಗಾಗಿ ಆಕೆ ಮುಂಗಡ ಕಟ್ಟಿ ಆಗಲೇ ಬಹಳ ಕಾದಿದ್ದಳು. ಡ್ರೈವಿಂಗ್ ಕಲಿತು ಲೈಸೆನ್ಸ್ ತಗೊಂಡಿದ್ದಳು. ಶೋರೂಮಿನ ಗೋಡೆಯ ಮೇಲೆ ಅಚ್ಚು ಹಾಕಿದ ದರ ಅವಳಿಗೆ ಬಾಯಿಪಾಠವಾಗಿತ್ತು.

ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯ ದಿನ, ನನ್ನನ್ನು ಶೋರೂಮಿಗೆ ತಂದರು. ಅಂದು ಗಾಡಿ ಒಯ್ಯುವವರ ಜಾತ್ರೆಯೇ ಅಲ್ಲಿತ್ತು. ಹೂವಿನವರಿಗೆ ಅದು ವರ್ಷದ ದೊಡ್ಡ ವ್ಯಾಪಾರದ ದಿನ. ಆದರೂ ಕಾಶವ್ವ ಅಂಗಡಿಯನ್ನು ನೆಗೆಣ್ಣಿಗೆ ಬಿಟ್ಟು, ಗಂಡ ಮಹಾಂತಪ್ಪ ಮತ್ತು ಅತ್ತೆಯನ್ನು ಕರೆದುಕೊಂಡು ಬಂದಳು. ಊರಿನ ಅರ್ಧ ಗಾಡಿಗಳಿಗೆ ಹಾರ ಕಟ್ಟಿದ ಕೈಯಿಂದಲೇ ನನಗೂ ಒಂದು ಹಾರ ಕಟ್ಟಿ ತಂದಿದ್ದಳು. ಸೇವಂತಿಗೆ, ನಡುನಡುವೆ ಮರುಗ. ಬಾನೆಟ್ಟಿನ ಮೇಲೆ ಇಳಿಬಿಟ್ಟಾಗ ಅದರ ತಂಪು ನನ್ನ ತಗಡಿಗೆ ತಾಗಿತು.

ಆ ಶೋರೂಮಿನಲ್ಲಿ ಒಂದು ಪದ್ಧತಿಯಿತ್ತು. ಮೊದಲು ಪೂಜೆ, ಆಮೇಲೆ ಬಿಲ್. “ಮುಹೂರ್ತ ಮೀರತೈತಿ, ಕಾಗದಪತ್ರ ಎಲ್ಲಿಗೂ ಓಡಿ ಹೋಗಂಗಿಲ್ಲ,” ಎಂದು ಮ್ಯಾನೇಜರ್ ಅರುಣ ಕೊಪ್ಪದ ನಗುತ್ತ ಎಲ್ಲರನ್ನೂ ಗಾಡಿಯ ಹತ್ತಿರ ಕಳಿಸುತ್ತಿದ್ದ. ಶೋರೂಮಿನವರೇ ಗೊತ್ತು ಮಾಡಿದ ಭಟ್ಟರು ಹೆಸರು, ಗೋತ್ರ ಕೇಳಿ ಸಂಕಲ್ಪ ಮಾಡುತ್ತಿದ್ದರು. ಆರತಿ ಬೆಳಗಿ, ತೆಂಗಿನಕಾಯಿ ಒಡೆದು, ಗಾಲಿಯ ಕೆಳಗಿಟ್ಟ ನಿಂಬೆಹಣ್ಣಿನ ಮೇಲೆ ಗಾಡಿ ಹರಿದು ಪಚ್ ಎಂದ ಮೇಲೆ ಬಿಲ್ ಬರುತ್ತಿತ್ತು. ಪೂಜೆಯಾದ ಗಾಡಿಯನ್ನು ಬಿಟ್ಟು ಹೋಗುವ ಮನುಷ್ಯ ಈ ಸೀಮೆಯಲ್ಲಿಲ್ಲ ಎಂಬುದು ಕೊಪ್ಪದನಿಗೆ ಗೊತ್ತಿತ್ತು. ಆ ಮುಂಜಾನೆಯಿಂದ ನನ್ನ ಕಣ್ಣೆದುರೇ ಎಷ್ಟೋ ಜನ ಬಿಲ್ ನೋಡಿ, ಮುಖ ಸಣ್ಣ ಮಾಡಿ, ಹಾರ ಹಾಕಿದ ಗಾಡಿಯನ್ನೊಮ್ಮೆ ನೋಡಿ, ಸಹಿ ಹಾಕಿದ್ದರು.

ಕಾಶವ್ವ ನನ್ನೊಳಗೆ ಕೂತು ನಿಂಬೆಹಣ್ಣಿನ ಮೇಲೆ ತಾನೇ ಹರಿಸಿದಳು. ಅದಷ್ಟೇ ನಾನು ಅವಳ ಕೈಯಲ್ಲಿ ಓಡಿದ್ದು. ಒಂದು ಗೇಣು ದೂರ.

ಇಳಿದು ಬಂದಾಗ ಪ್ರಶಾಂತ ಬಿಲ್ ಹಿಡಿದು ನಿಂತಿದ್ದ. ಆಕೆ ನಿಧಾನವಾಗಿ ಓದಿದಳು.

“ಇದೇನಿದು, ಅರವತ್ತೆರಡು ಸಾವಿರ ಹೆಚ್ಚಿಗಿ?”

“ಅದು ಅಲಾಟ್‌ಮೆಂಟ್ ಚಾರ್ಜ್ ರೀ ಅಕ್ಕಾರ. ಮತ್ತ ಕಿಟ್ಟು. ಮ್ಯಾಟು, ಸೀಟ್ ಕವರು, ಸೆಂಟಿನ ಡಬ್ಬಿ...”

“ಸೆಂಟು ಯಾಕೋ ತಮ್ಮಾ? ನನ್ನ ಗಾಡಿ ತುಂಬ ಮಲ್ಲಿಗಿ ಇರ್ತಾವು.”

ಸುತ್ತ ನಿಂತವರು ನಕ್ಕರು. ನಗು ಕೇಳಿ ಕೊಪ್ಪದ ಬಂದ. ಈ ಮಾಡೆಲ್ಲಿಗೆ ಎಷ್ಟು ಜನ ಸಾಲಿನಲ್ಲಿದ್ದಾರೆ, ಬೇರೆಯವರು ಇದಕ್ಕಿಂತ ಹೆಚ್ಚು ಕೊಡಲು ತಯಾರಿದ್ದಾರೆ ಎಂದು ಹೇಳಿದ. ಕೊನೆಗೆ, “ನೀವೂ ಹಬ್ಬದ ದಿವಸ ಸೇವಂತಿ ರೇಟು ಏರಸಂಗಿಲ್ಲೇನ್ರೀ ಅಕ್ಕಾರ?” ಎಂದ.

“ಏರಸ್ತೀನಿ,” ಎಂದಳು ಕಾಶವ್ವ. “ಮುಂಜಾನೆ ಬುಟ್ಟಿ ಇಳಿಸಿದ ಕೂಡ್ಲೆ ಹೇಳಿ ಏರಸ್ತೀನಿ. ಅಡ್ವಾನ್ಸ್ ಹಿಡದ ಹಾರಕ್ಕ ಏರಸಂಗಿಲ್ಲ. ಮಾಲಿ ಕೊಳ್ಳಾಗ ಹಾಕಿದ ಮ್ಯಾಲಂತೂ ಏರಸಂಗಿಲ್ಲ.”

“ಅದು ಹೂವು ರೀ. ಇದು ಕಾರು.”

ಕೊಪ್ಪದನಿಗೆ ನಾಚಿಕೆಯಾಯಿತು ಎಂದು ನಾನು ಹೇಳಲಾರೆ. ಅವನು ಕೈಗಡಿಯಾರ ನೋಡಿಕೊಂಡ ಅಷ್ಟೆ.

ಮಹಾಂತಪ್ಪ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿದ. “ಕಾಶಿ, ಮಂದಿ ನೋಡಾಕತ್ತಾರ. ಬಡ್ಡಿಲೆ ತಂದು ಕೊಡೂಣು. ಪೂಜಿ ಆಗೇತಿ.”

“ಹೌದs ಎವ್ವಾ,” ಎಂದಳು ಅತ್ತೆ. “ನಿನ್ನ ಹೆಸರಲೆ ಸಂಕಲ್ಪ ಆಗೇತಿ. ಆರತಿ ಎತ್ತಿದ್ದನ್ನ ಬಿಟ್ಟು ಹೋದ್ರ ಮನಿಗೆ ಚಲೋ ಅಲ್ಲ.”

ಕಾಶವ್ವ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅವಳಿಗೆ ನಾನು ಬೇಕಾಗಿದ್ದೆ. ಒಪ್ಪಿಕೊಂಡ ಮದುವೆಗಳಿದ್ದವು, ಕೆಂಪಾಗುವ ಮಲ್ಲಿಗೆಯಿತ್ತು. ಬರಿಗೈಯಲ್ಲಿ ಹೋದರೆ ಮಾರುಕಟ್ಟೆಯ ಸಾಲಿನುದ್ದಕ್ಕೂ ಕೇಳುವವರಿದ್ದರು. ನನಗೆ ಅವಳು ಬೇಕಾಗಿದ್ದಳು. ಅವಳು ಸಹಿ ಹಾಕಲಿ ಎಂದೇ ನಾನು ಬಯಸಿದೆ. ಬೆಲೆಯ ನ್ಯಾಯ ಅನ್ಯಾಯ ನನಗೇನು ಗೊತ್ತು?

“ಅತ್ತಿ, ಪೂಜಿ ದೇವರಿಗೆ ಮಾಡೇವಿ,” ಎಂದಳು. “ಇವನ ಬಿಲ್ಲಿಗೆ ಮಾಡಿಲ್ಲ. ನಡೀರಿ.”

ಬ್ಯಾಂಕಿನ ಡ್ರಾಫ್ಟ್ ಇದ್ದ ಚೀಲವನ್ನು ಹೆಗಲಿಗೇರಿಸಿ ಹೊರಟೇಬಿಟ್ಟಳು. ಅತ್ತೆ ಎರಡು ಸಲ ತಿರುಗಿ ನನ್ನನ್ನು ನೋಡಿ ಕೈಮುಗಿದಳು. ಕಾಶವ್ವ ತಿರುಗಲಿಲ್ಲ. ಹಾರ ನನ್ನ ಮೇಲೆಯೇ ಉಳಿಯಿತು.

ಕೊಪ್ಪದ ಚಿಂತೆ ಮಾಡಲಿಲ್ಲ. ಸಾಲಿನಲ್ಲಿ ಮುಂದಿದ್ದ ಸಿಮೆಂಟ್ ವ್ಯಾಪಾರಿಗೆ ಫೋನ್ ಹೋಯಿತು. ಅವನು ಮಧ್ಯಾಹ್ನ ಬಂದ. ಅಷ್ಟರಲ್ಲಿ ಹಾರ ತೆಗೆದು, ಕುಂಕುಮ ತೊಳೆದು, ಕೆಳಗಿನ ನಿಂಬೆಹಣ್ಣಿನ ಸಿಪ್ಪೆ ಗುಡಿಸಿ ಇಟ್ಟಿದ್ದರು. ಆದರೆ ಶೋರೂಮಿನ ತುಂಬ ಜನ, ಎಲ್ಲರ ಬಾಯಲ್ಲೂ ಅದೇ ಮಾತು.

“ಆ ಹೂವಿನಾಕಿ ಬಿಟ್ಟು ಹೋದ ಗಾಡಿ ಇದs ಅಲ್ಲೇನ್ರೀ?” ಎಂದು ವ್ಯಾಪಾರಿ ಕೇಳಿದ.

“ಸ್ವಚ್ಛ ತೊಳದೇವ್ರೀ ಸಾಹುಕಾರ.”

“ಗಾಡಿ ತೊಳದೀರಿ. ಪೂಜಿ ಹ್ಯಾಂಗ ತೊಳದ್ರಿ?”

ಅಚ್ಚು ಹಾಕಿದ ದರಕ್ಕೇ ಕೊಡುತ್ತೇನೆಂದ ಕೊಪ್ಪದ. ಅದಕ್ಕಿಂತ ಕಡಿಮೆಗೂ ಇಳಿದ. ಸಿಮೆಂಟ್ ವ್ಯಾಪಾರಿ ಒಪ್ಪಲಿಲ್ಲ. ಬೇರೆಯವರ ಹೆಸರಿನಲ್ಲಿ ಸಂಕಲ್ಪವಾದ ಗಾಡಿಯಲ್ಲಿ ತನ್ನ ಮಕ್ಕಳನ್ನು ಕೂರಿಸುವುದಿಲ್ಲ ಎಂದ. ಕೊಪ್ಪದ ಭಟ್ಟರನ್ನು ಕರೆಸಿ ಏನಾದರೂ ಉಪಾಯ ಕೇಳಿದ. ಅವರು ದಕ್ಷಿಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, “ಗಾಡಿ ಕೂಡಸೂ ಮಂತ್ರ ಅವ. ಬಿಡಸೂ ಮಂತ್ರ ನಾ ಓದಿಲ್ಲ,” ಎಂದು ಹೊರಟುಹೋದರು.

ನನ್ನನ್ನು ಮತ್ತೆ ಗೋದಾಮಿಗೆ ಒಯ್ದರು. ಗಾಜಿನ ಮೇಲಿನ ಹೆಸರನ್ನು ಎಣ್ಣೆ ಬಟ್ಟೆಯಿಂದ ಒರೆಸಿದರು. ನನ್ನ ಜೊತೆ ಬಂದ ಕಾರುಗಳೆಲ್ಲ ಒಂದೊಂದಾಗಿ ಹೋದವು. ಹೊಸ ಕಾರುಗಳು ಬಂದವು, ಅವೂ ಹೋದವು. ನನ್ನ ಮೇಲೆ ಧೂಳು ಕೂತು ಬೆಕ್ಕಿನ ಹೆಜ್ಜೆಗಳು ಮೂಡಿದವು. ಆ ಬೆಕ್ಕು ಬಿಸಿಲಿಗೆ ನನ್ನ ಕೆಳಗೆ ಮಲಗುತ್ತಿತ್ತು. ಅದಕ್ಕೆ ನಾನೇ ಆಗಬೇಕೆಂದಿರಲಿಲ್ಲ, ನೆರಳಿದ್ದರೆ ಸಾಕಿತ್ತು.

ಮಾರಾಟವಾಗದ ನನ್ನನ್ನು ಕೊನೆಗೆ ಶೋರೂಮಿನ ಹೆಸರಿನಲ್ಲೇ ನೋಂದಾಯಿಸಿ, ಗಿರಾಕಿಗಳಿಗೆ ಓಡಿಸಿ ತೋರಿಸುವ ಕಾರು ಮಾಡಿದರು. ಆಗ ನನ್ನ ಗಾಲಿಗಳಿಗೆ ಕೆಲಸ ಸಿಕ್ಕಿತು. ದಿನವೂ ಹೊಸ ಕೈ, ಹೊಸ ಕಾಲು, ಅದೇ ರಸ್ತೆ. ಮೇಲ್ಸೇತುವೆಯವರೆಗೆ ಹೋಗಿ ತಿರುಗಿ ಬರುವುದು. ಗಂಡಂದಿರು ಎಂಜಿನ್ ಕೂಗಿಸುತ್ತಿದ್ದರು. ಹೆಂಡಂದಿರು ಏಸಿಯ ಗಾಳಿಗೆ ಮುಖ ಒಡ್ಡುತ್ತಿದ್ದರು. ಮಕ್ಕಳು ಹಿಂದೆ ಕೂತು, ಇದು ನಮ್ಮ ಕಾರು ಎಂದು ಹೇಳಿಕೊಳ್ಳುತ್ತಿದ್ದರು. ಶೋರೂಮಿಗೆ ಮರಳಿ ಇಳಿಯುವಾಗ ತಂದೆ ಹೇಳುತ್ತಿದ್ದ ಮಾತು ಒಂದೇ: “ಇಂಥಾದ್ದs ಬೇಕು. ಹೊಸಾದು.” ನನ್ನನ್ನು ಮೆಚ್ಚಿದವರೆಲ್ಲ ಇನ್ನೊಂದನ್ನು ಒಯ್ದರು.

ಆ ದಿನಗಳಲ್ಲಿ ಪ್ರಶಾಂತ ನನ್ನೊಳಗೆ ಕೂತು ಫೋನಿನಲ್ಲಿ ಮಾತನಾಡುವುದನ್ನು ಕೇಳುತ್ತಿದ್ದೆ. ಕಾಶವ್ವ ಮುಂಗಡ ವಾಪಸು ಪಡೆಯಲು ಎಷ್ಟೋ ಸಲ ಅಲೆದು, ಕೊನೆಗೆ ಹೂವಿನ ಬುಟ್ಟಿಯನ್ನೇ ಶೋರೂಮಿನ ಬಾಗಿಲಲ್ಲಿಟ್ಟು ಕೂತು ವಸೂಲಿ ಮಾಡಿದಳಂತೆ. ಮುಂದಿನ ಖಂಡೇಪೂಜೆಗೆ ಶೋರೂಮಿನ ಪದ್ಧತಿ ಬದಲಾಯಿತು. ಬಿಲ್ಲಿಗೆ ಸಹಿ ಬೀಳದೆ ಭಟ್ಟರು ಗಂಟೆ ಬಾರಿಸುವಂತಿಲ್ಲ ಎಂದು ಕೊಪ್ಪದ ತಾಕೀತು ಮಾಡಿದ. ಹೆಚ್ಚಿನ ಹಣ ಕಡಿಮೆಯಾಗಲಿಲ್ಲ. ಪೂಜೆ ತಡವಾಯಿತು, ಅಷ್ಟೆ. ಒಬ್ಬ ಹೆಂಗಸು ಎದ್ದು ಹೋದದ್ದರಿಂದ ಆ ಶೋರೂಮಿನಲ್ಲಿ ಆದ ಸುಧಾರಣೆ ಇಷ್ಟು.

ಆಮೇಲೆ ನನ್ನನ್ನು ಡ್ರೈವಿಂಗ್ ಸ್ಕೂಲಿನ ಸ್ಟ್ಯಾನ್ಲಿ ಮಾಸ್ತರ ಕೊಂಡರು. ನನ್ನ ಕತೆ ಅವರಿಗೆ ಮೊದಲೇ ಗೊತ್ತಿತ್ತು. “ಯಾರೂ ಒಯ್ಯದ ಗಾಡಿ, ಯಾರಿಗೂ ಬಾರದ ಡ್ರೈವಿಂಗು. ಜೋಡಿ ಛಲೋ ಆತು,” ಎಂದು ನಕ್ಕರು. ನನಗೆ ಹಳದಿ ಬಣ್ಣ ಬಳಿಸಿ, ತಮ್ಮ ಕಾಲ ಬಳಿ ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕು ಕೂಡಿಸಿದರು. ಅಂದಿನಿಂದ ನನ್ನನ್ನು ಓಡಿಸಿದವರು ಯಾರೂ ನನ್ನನ್ನು ನೋಡಲಿಲ್ಲ. ಅವರ ಕಣ್ಣು ರಸ್ತೆಯ ಮೇಲೆ, ಪ್ರಾಣ ಬಾಯಲ್ಲಿ. ಕಲಿತ ದಿನ ಇಳಿದು ಹೋಗುತ್ತಿದ್ದರು. ಚೆನ್ನಾಗಿ ಕಲಿತವರು ಬೇಗ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಒಬ್ಬ ಹುಡುಗಿ ನನ್ನನ್ನು ಹೂವಿನ ಮಾರುಕಟ್ಟೆಯ ತಿರುವಿನಲ್ಲಿ ಬಂದ್ ಬೀಳಿಸಿದಳು. ಮತ್ತೆ ಚಾಲೂ ಮಾಡಿದಳು, ಮತ್ತೆ ಬಂದ್ ಬಿತ್ತು. ಹಿಂದಿನಿಂದ ಹಾರ್ನ್ ಕೇಳಿತು. ನನ್ನ ಕನ್ನಡಿಯಲ್ಲಿ ಒಂದು ನೀಲಿ ಕಾರು ಕಂಡಿತು. ನನ್ನದೇ ಮಾಡೆಲ್ಲು, ನನ್ನದೇ ಹಳೆಯ ಬಣ್ಣ. ಹಿಂದಿನ ಸೀಟು ಮಡಚಿ, ಒದ್ದೆ ಬಟ್ಟೆಯ ಕೆಳಗೆ ಹಾರಗಳನ್ನು ಮಲಗಿಸಿದ್ದರು. ಸ್ಟೇರಿಂಗ್ ಹಿಡಿದವಳು ಕಾಶವ್ವ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಮಹಾಂತಪ್ಪ ಬುಟ್ಟಿ ಹಿಡಿದು ತೂಕಡಿಸುತ್ತಿದ್ದ.

ನನ್ನ ಪಕ್ಕಕ್ಕೆ ಬಂದು ಗಾಜು ಇಳಿಸಿದಳು. “ಗಾಬರಿ ಆಗಬ್ಯಾಡ ತಂಗಿ. ಕ್ಲಚ್ ಮೆಲ್ಲಕ ಬಿಡು. ಮಂದಿ ಹಾರ್ನ್ ಹೊಡೀಲಿ ಬಿಡು, ಅವರಪ್ಪನ ರಸ್ತೆ ಏನಲ್ಲ.”

“ನೀವs ಹೊಡದ್ರೆಲ್ಲಾ ಅಕ್ಕಾರ,” ಎಂದರು ಸ್ಟ್ಯಾನ್ಲಿ ಮಾಸ್ತರ. “ಗಾಡಿ ಛಲೋ ಇಟ್ಟೀರಿ. ಎಲ್ಲಿ ತಗೊಂಡ್ರಿ?”

“ಗದಗದಾಗ. ವರ್ಷಗಟ್ಟಲೆ ಕಾಯಿಸಿದ್ರು. ಆದ್ರ ಗ್ವಾಡಿ ಮ್ಯಾಲ ಬರದ ರೇಟಿಗೇ ಕೊಟ್ರು.”

ಹೇಳಿ ಮುಂದೆ ಹೋದಳು. ಮಲ್ಲಿಗೆಯ ವಾಸನೆ ನನ್ನ ತೆರೆದ ಕಿಟಕಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಹಳದಿ ಬಣ್ಣದ ಕೆಳಗೆ ಯಾರಿದ್ದಾರೆಂದು ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕಾದ ಕಾರಣವೂ ಇರಲಿಲ್ಲ. ಹುಡುಗಿ ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು, ನಾನು ಚಲಿಸಿದೆ.

ಆಕೆ ಮಾಡಿದ್ದು ಸರಿ. ಅಂದು ಸಹಿ ಹಾಕಿದ್ದರೆ ನನ್ನ ಬಾಗಿಲು ತೆಗೆದಾಗಲೆಲ್ಲ ಅವಳಿಗೆ ಆ ಅರವತ್ತೆರಡು ಸಾವಿರ ನೆನಪಾಗುತ್ತಿತ್ತು. ಇದನ್ನು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಆದರೂ ನನಗೆ ಮನೆ ಬೇಕಾಗಿತ್ತು. ಅವಳು ಬಿಟ್ಟು ನಡೆದದ್ದು ಕೊಪ್ಪದನ ಬಿಲ್ಲನ್ನು, ನಿಂತು ಉಳಿದದ್ದು ನಾನು. ಸರಿಯಾದ ಕೆಲಸಕ್ಕೂ ಯಾರೋ ಬೆಲೆ ಕೊಡುತ್ತಾರೆ. ಆ ಯಾರೋ ಅಲ್ಲಿ ಮಾತಾಡಿದವರಲ್ಲೇ ಒಬ್ಬರಾಗಿರಬೇಕೆಂದಿಲ್ಲ.

ಗೇರ್‌ಪೆಟ್ಟಿಗೆ ಕೆಟ್ಟ ಮೇಲೆ ಸ್ಟ್ಯಾನ್ಲಿ ಮಾಸ್ತರ ನನ್ನನ್ನು ರಿಪೇರಿ ಮಾಡಿಸಲಿಲ್ಲ. ಹಗ್ಗ ಕಟ್ಟಿ ಎಳೆಸಿಕೊಂಡು ಈ ಗುಜರಿಗೆ ತಂದರು. ಇಲ್ಲಿ ಗೇಟಿನ ಪಕ್ಕ ಒಂದು ತಗಡಿನ ಹಲಗೆಯಿದೆ. ಅದರ ಮೇಲೆ ಸುಣ್ಣದಲ್ಲಿ ಕಬ್ಬಿಣದ ಆ ದಿನದ ದರ ಬರೆದಿರುತ್ತಾರೆ. ಮಾಸ್ತರ ಇನ್ನಷ್ಟು ಏರಿಸಲು ನೋಡಿದರು.

“ಸಾಹುಕಾರ, ಒಂದ್ ಕಾಲಕ್ಕ ಇದು ಪೂಜಿ ಆದ ಗಾಡಿ,” ಎಂದು ತಾವೇ ಚೇಷ್ಟೆ ಮಾಡಿಕೊಂಡಂತೆ ಹೇಳಿ ನಕ್ಕರು.

ಗುಜರಿಯವನು ಬೀಡಿ ಕೆಳಗಿಳಿಸದೆ ಹಲಗೆಯ ಕಡೆ ಬೆರಳು ತೋರಿಸಿದ. “ಬರದಿದ್ದ ಓದ್ರಿ. ಎಲ್ಲಾರಿಗೂ ಅದs.”

ನನ್ನನ್ನು ತೂಕದ ಕಟ್ಟೆಗೆ ಏರಿಸಿದರು. ಬರೆದ ದರವನ್ನೇ ಎಣಿಸಿ ಕೊಟ್ಟ. ಅದಕ್ಕೆ ಒಂದು ರೂಪಾಯಿ ಕೂಡಿಸಲಿಲ್ಲ, ಒಂದು ರೂಪಾಯಿ ಕಳೆಯಲಿಲ್ಲ. ಮಾಸ್ತರ ಹಣ ಜೇಬಿಗಿಟ್ಟುಕೊಂಡು, ಗಾಜಿನ ಮೇಲೆ ಅಂಟಿಸಿದ್ದ ಸ್ಕೂಲಿನ ಹೆಸರನ್ನು ಉಗುರಿನಿಂದ ಕೆರೆದು ತೆಗೆದು, ಹೊರಟುಹೋದರು.