ಅವ್ವಗ ಹೇಳು

ಚಹಾದ ಮೇಲೆ ಕೆನೆ ಕಟ್ಟುತ್ತಿದೆ, ಊದಿದರೆ ಮುದುಡಿಕೊಂಡು ಗ್ಲಾಸಿನ ಒಂದು ಬದಿಗೆ ಸರಿಯುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ, ಯಾರೂ ಕುಡಿಯದ ಚಹಾ, ಕಿಟಕಿಯ ಕಟ್ಟೆಯ ಮೇಲೆ ಅದಿರಿನ ಕೆಂಪು ಧೂಳು, ಬೆಳಿಗ್ಗೆ ಒರೆಸಿದ್ದರೂ ಸಂಜೆಗೆ ಇಷ್ಟು, ಅದರಲ್ಲಿ ಯಾರೋ ಬೆರಳಿಂದ ಎಳೆದ ಗೆರೆ, ಆಚೆ ಬಂದರು, ಕ್ರೇನು, ದೀಪ ಹಚ್ಚಿಕೊಂಡು ನಿಂತ ಹಡಗು — ಅದೇ ಇರಬೇಕು ಎಡ್ವಿನ್‌ನ ಹಡಗು, ಅಥವಾ ಅದರ ಪಕ್ಕದ್ದು, ವಾಸ್ಕೊದಲ್ಲೇ ಬೆಳೆದರೂ ನನಗೆ ಹಡಗುಗಳೆಲ್ಲ ಒಂದೇ ಥರ ಕಾಣುತ್ತವೆ. ಇನ್ನ ಸ್ವಲ್ಪ ತಡೀರಿ ದ್ರಾಕ್ಷಾಯಿಣಿಯವರ, ಪೆರುದಾಗ ಈಗಷ್ಟ ಬೆಳಗಾಗಿರ್ತದ, ಎನ್ನುತ್ತಾರೆ ಮಿಲಿಂದ ಸರ್, ಶಿಪ್ಪಿಂಗ್ ಏಜೆನ್ಸಿಯ ಮ್ಯಾನೇಜರು, ಬೆಳಗಾವಿಯವರು, ಒಳ್ಳೆಯ ಮನುಷ್ಯನೇ, ಮಾತಿಗೊಮ್ಮೆ ಮುಂದಿನ ಹಾಳೆಯನ್ನು ನೇರ ಮಾಡುತ್ತಾರೆ, ನೇರವಾಗಿಯೇ ಇರುವ ಹಾಳೆಯನ್ನು. ಹಾಳೆಯಲ್ಲಿ ಇಂಗ್ಲಿಷಿನ ಎರಡು ಸಾಲು, ನಿಮ್ಮ ಮಗ ಎಡ್ವಿನ್ ನಿನ್ನೆ ಕೆಲಸದ ವೇಳೆ ಹಡಗಿನ ಏಣಿಯಿಂದ ಬಿದ್ದು ತೀರಿಕೊಂಡರೆಂದು ತಿಳಿಸಲು ವಿಷಾದಿಸುತ್ತೇವೆ, ನಾ ಇಂಗ್ಲಿಷಿನ್ಯಾಗ ಓದ್ತೇನಿ, ನೀವು ಸ್ಪ್ಯಾನಿಶಿನ್ಯಾಗ ಹೇಳ್ರಿ, ಅವರು ಹೇಳಿದ್ದು ನನಗ ಇಂಗ್ಲಿಷಿನ್ಯಾಗ ಹೇಳ್ರಿ, ಎಲ್ಲಾ ರೆಕಾರ್ಡ್ ಆಗ್ತದ, ಕಂಪನಿಗೆ ಕಳಸಬೇಕು. ಫೋನಿನ ಪಕ್ಕದಲ್ಲಿ ರೆಕಾರ್ಡರು, ಅದರ ಕೆಂಪು ದೀಪ ಇನ್ನೂ ಹತ್ತಿಲ್ಲ. ಆ ಬೆಟ್ಟದೂರಿನಲ್ಲಿ ಅವಳೀಗ ಎದ್ದಿರುತ್ತಾಳೆ, ಎಡ್ವಿನ್‌ನ ತಾಯಿ, ಒಲೆ ಹಚ್ಚಿರುತ್ತಾಳೆ, ಅವಳ ಪಾಲಿಗೆ ಮಗ ಇನ್ನೂ ಇದ್ದಾನೆ, ನಾನು ಬಾಯಿ ತೆರೆಯುವವರೆಗೂ ಇರುತ್ತಾನೆ.

ನಲ್ಲಿ ಇದ್ದಂಗ ಇರಬೇಕು ನೀ, ಎನ್ನುತ್ತಿದ್ದರು ದುಭಾಷಿ ಕೆಲಸ ಕಲಿಸುವ ಪ್ರಾಚಿ ಮೇಡಂ, ನೀರು ನಲ್ಲೀದಲ್ಲ, ಬರೋದು ಬರ್ತದ, ನಿನ್ನ ಕಡಿಂದ ಒಂದ ಹನಿ ಕೂಡಸಬ್ಯಾಡ, ಒಂದ ಹನಿ ಇಟಗೊಳ್ಳಬ್ಯಾಡ — ಸರಿ ಮೇಡಂ, ಕಾದ ನೀರು ಬಂದರೆ ನಲ್ಲಿಯೂ ಸುಡುತ್ತದಲ್ಲ ಎಂದು ಕೇಳಬೇಕೆಂದುಕೊಂಡು ಕೇಳಲಿಲ್ಲ, ಪಣಜಿಯ ಆ ಮಾಳಿಗೆಯ ಕೋಣೆಯಲ್ಲಿ ಎಲ್ಲರೂ ಕಾಲೇಜು ಓದಿದವರು, ನಾನೊಬ್ಬಳೇ ಮಡ್ಕಯಿಯ ಫ್ಯಾಕ್ಟರಿಯಿಂದ ಬಂದವಳು, ಮಾತ್ರೆಯ ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದವಳು. ಆವತ್ತು ಹೊಸ ಯಂತ್ರ ಕೂಡಿಸಲು ಸ್ಪೇನಿನಿಂದ ಇಬ್ಬರು ಬಂದಿದ್ದರು, ಅವರ ಮಾತನ್ನು ಇಂಗ್ಲಿಷಿಗೆ ತರಲು ಧಾರವಾಡದ ಈ ಹೆಂಗಸು, ಇದೇ ಮೇಡಂ, ಬಿಳಿ ಕೂದಲು, ಹತ್ತಿ ಸೀರೆ, ನಾನು ಟೇಪು ಹಚ್ಚುತ್ತಲೇ ಅವರಂದದ್ದನ್ನು ತುಟಿಯಲ್ಲಿ ಅಂದುಕೊಳ್ಳುತ್ತಿದ್ದೆ, ಅರ್ಥ ಏನೂ ಆಗದೆ, ಬರೀ ಆ ಸದ್ದು, ಅವರು ನನ್ನ ಮುಂದೆ ಬಂದು ನಿಂತರು, ಏನ ಒದರಾಕತ್ತೀಯವಾ, ಏನಿಲ್ರಿ ಮೇಡಂ, ಇನ್ನೊಮ್ಮೆ ಅನ್ನು, ಅಂದೆ, ಅವರು ನನ್ನ ಬಾಯಿಯನ್ನೇ ನೋಡಿದರು. ಎಷ್ಟು ವರ್ಷದ ಮೇಲೆ ಒಬ್ಬರು ನನ್ನ ಬಾಯಿ ನೋಡಿದ್ದು. ಆಮೇಲೆ ಪ್ರತಿ ಶನಿವಾರ ಭಾನುವಾರ ವಾಸ್ಕೊದಿಂದ ಪಣಜಿಗೆ ಬಸ್ಸು, ಮೊದಲು ಬರೀ ಸ್ಪ್ಯಾನಿಶು, ವರ್ಷಗಳ ಮೇಲೆ ದುಭಾಷಿಯ ಪಾಠ, ದೋಣಿಯವನ ಮಾತು, ಡಾಕ್ಟರನ ಮಾತು, ಕಳ್ಳನ ಮಾತು, ಎಲ್ಲವನ್ನೂ ನಾನು ನಾನು ಎಂದೇ ಹೇಳಬೇಕು, ಅವರು ಹೀಗನ್ನುತ್ತಾರೆ ಎಂದರೆ ಮೇಡಂ ಮೇಜು ಕುಟ್ಟುತ್ತಿದ್ದರು, ಅವರ್ಯಾರು? ಈಗ ಅವರಂದ್ರ ನೀನ. ಮನೆಯಲ್ಲಿ ಕ್ಯಾಸೆಟ್ಟು ಹಾಕಿಕೊಂಡು, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಯಾರೋ ಓದುವುದರ ಹಿಂದೆಯೇ ಓಡುವ ಅಭ್ಯಾಸ, ಅವರ ಬಾಲ ಹಿಡಿದು ನನ್ನ ಮಾತು, ತಗಡಿನ ಮನೆಯೆಲ್ಲ ನನ್ನ ಸದ್ದು, ಅವ್ವ ಪಾತ್ರೆ ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಏನ ಕಲ್ಯಾಕತ್ತೀ ಎಂದು ಒಮ್ಮೆ ಕೇಳಿದಳು, ಬೆನ್ನು ಮಾಡಿಕೊಂಡೇ, ಒಬ್ಬರ ಮಾತು ಇನ್ನೊಬ್ಬರಿಗೆ ಹೇಳೋದು ಕಲ್ಯಾಕತ್ತೀನಿ ಅಂದೆ, ತೊಳೆದ ಪಾತ್ರೆಯೊಂದನ್ನು ಬೋರಲು ಹಾಕಿ, ಅದನ್ನೂ ಕಲೀಬೇಕೇನು ನೀ, ಅಂದಳು. ನಿನ್ನೆ ಮೇಡಂ ಫೋನಿನಲ್ಲಿ, ನನಗ ಜ್ವರ ಬಂದಾವ, ಏಜೆನ್ಸಿಗೆ ನೀ ಹೋಗು, ಇದ ನಿನ್ನ ಕಡೀ ಪರೀಕ್ಷಾ ಅಂತ ತಿಳಕೋ, ಅವರು ಚಲೋ ಅಂದ್ರ ನಿನ್ನ ಪ್ರಮಾಣಪತ್ರಕ್ಕ ಸಹಿ ಹಾಕ್ತೇನಿ, ಯಾವ ಮಾತು ಹೇಳಬೇಕಾದೀತೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಖುಷಿಯಲ್ಲಿ ಕೂದಲಿಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ ಬಂದಿದ್ದೇನೆ, ಮಂಕಾಳಿ.

ಹತ್ತಿತು ಕೆಂಪು ದೀಪ, ಸರ್ ನಂಬರು ಒತ್ತುತ್ತಿದ್ದಾರೆ, ರಿಸೀವರು ನನ್ನ ಕಿವಿಗೆ, ತಣ್ಣಗಿದೆ, ಸಮುದ್ರದ ತಳದಿಂದ ಬಂದಂಥ ಸದ್ದು, ಆಮೇಲೆ ರಿಂಗು, ಎತ್ತಬೇಡ ತಾಯಿ, ಹೊಲಕ್ಕೆ ಹೋಗಿರು, ನೀರಿಗೆ ಹೋಗಿರು, ಪ್ರತಿ ರಿಂಗಿಗೂ ನಿನ್ನ ಮಗ ಇನ್ನೊಂದು ಉಸಿರು ಇರುತ್ತಾನೆ — ನೀ ಹೇಳದಿದ್ದರ ನಿಮ್ಮಪ್ಪ ಇನ್ನೂ ಸ್ವಲ್ಪ ಹೊತ್ತು ಇರ್ತಿದ್ದ, ಎಂದಿದ್ದಳು ಅವ್ವ ಒಮ್ಮೆ, ಅಕ್ಕಿ ಆರಿಸುತ್ತ, ಸಿಟ್ಟಿಲ್ಲದೆ, ಅಕ್ಕಿಯಲ್ಲಿ ಕಲ್ಲು ಸಿಕ್ಕಿತು ಎನ್ನುವ ಹಾಗೆ. ಅದಕ್ಕೂ ಮೊದಲು ನಾನೇ ಮನೆಯ ಬಾಯಿ, ರೇಷನ್ ಅಂಗಡಿಗೆ, ದವಾಖಾನೆಗೆ, ಮನೆ ಮಾಲಕಿಯ ಮುಂದೆ, ಅವ್ವನ ಸೀರೆಯ ಸೆರಗು ಹಿಡಿದು ನಾನು, ಅವ್ವನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು, ನಾನು ಓಣಿಯಲ್ಲಿ ಆಡಿ ಆಡಿ ಕೊಂಕಣಿ ಕಲಿತವಳು, ನಮ್ಮ ದ್ರಾಕ್ಷಿ ಒಂದ ಮಾತ ಬಿಡಂಗಿಲ್ರಿ, ಎಲ್ಲಾ ಹೇಳತಾಳ, ಎಂದು ಪಕ್ಕದ ಮನೆಯ ದುರ್ಗಾಬಾಯಿಯ ಮುಂದೆ ಹೊಗಳಿಕೆ, ನನಗೆ ಕೋಡು ಮೂಡುತ್ತಿತ್ತು, ಒಂಬತ್ತೋ ಹತ್ತೋ ವರ್ಷ, ಅರ್ಧಕ್ಕೆ ಮಾತು ಬಿಡುವುದೆಂದರೆ ನನಗೆ ಅವಮಾನ. ಅವತ್ತು ಅವ್ವ ಜೋಳದ ಹಿಟ್ಟು ನಾದುತ್ತಿದ್ದಳು, ಒಲೆಯ ಮೇಲೆ ಹಂಚು ಕಾಯುತ್ತಿತ್ತು, ಬಾಗಿಲಲ್ಲಿ ಮುಕಾದಮ, ಬಂದರಿನಲ್ಲಿ ಅಪ್ಪನ ಗ್ಯಾಂಗಿಗೆ ಕೆಲಸ ಹಂಚುವವನು, ಒಬ್ಬನೇ, ಅಪ್ಪನ ಜೊತೆಯ ಲೋಕಪ್ಪ ಕಾಕಾ ಎಲ್ಲ ಅಲ್ಲೇ ಅಪ್ಪನ ಹತ್ತಿರ ಉಳಿದಿದ್ದರಂತೆ, ಇವನಿಗೆ ಕನ್ನಡ ಬಾರದು, ಅವ್ವನನ್ನು ನೋಡಿದ, ನನ್ನನ್ನು ನೋಡಿದ, ತಲೆಯ ಮೇಲಿನ ಟವೆಲ್ಲು ತೆಗೆದ, ಕೊಂಕಣಿಯಲ್ಲಿ ಹೇಳಿದ, ಅದಿರಿನ ದೋಣಿ ಬಾರ್ಜು, ಅಪ್ಪನ ಕಾಲು ಜಾರಿತು, ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು, ಆಮೇಲೆ ನನ್ನ ಕಡೆ ಬಾಗಿ, ಆವಯಕ ಸಾಂಗ. ಅವ್ವಗ ಹೇಳು. ನನಗೆ ಹೇಳಿದ ಕೆಲಸ. ಅವ್ವಾ, ಅಪ್ಪ ಬಾರ್ಜಿನಿಂದ ಬಿದ್ದ — ಅಷ್ಟರಲ್ಲಿ ಅವ್ವನ ಕೈ ನನ್ನ ಬಾಯಿಯ ಮೇಲೆ ಬಂತು, ಹಸಿ ಹಿಟ್ಟಿನ ಕೈ, ತುಟಿಗೆ ಹಿಟ್ಟು, ಮೂಗಿಗೆ ಹಿಟ್ಟಿನ ವಾಸನೆ, ನಾನು ಅರ್ಧ ಬಿಡುವವಳಲ್ಲವಲ್ಲ, ಬೆರಳ ಸಂದಿಯಿಂದಲೇ ಉಳಿದದ್ದನ್ನು ಹೇಳಿ ಮುಗಿಸಿದೆ. ಸತ್ತಾನಂತ ಅವ್ವಾ. ಹಂಚು ಸೀದು ಹೊಗೆ ಏಳುತ್ತಿತ್ತು. ಅಪ್ಪನನ್ನು ಊರಿಗೆ ಒಯ್ಯುವಾಗ ಗಡಿಯ ಮೊಲೆಂ ನಾಕೆಯಲ್ಲಿ ಪೊಲೀಸನು ಗಾಡಿ ನಿಲ್ಲಿಸಿ ಒಳಗೇನಿದೆ ಎಂದು ಕೇಳಿದ, ನಾನು ಬಾಯಿ ತೆರೆದೆ, ಇಕಿ ಬ್ಯಾಡ, ಲೋಕಪ್ಪ ನೀನ ಹೇಳಪಾ, ಅಂದಳು ಅವ್ವ. ಅವತ್ತಿನಿಂದ ದವಾಖಾನೆಗೂ ರೇಷನ್ನಿಗೂ ದುರ್ಗಾಬಾಯಿ. ಅವ್ವ ಊಟಕ್ಕೆ ಹಾಕುತ್ತಾಳೆ, ಜ್ವರ ಬಂದರೆ ರಾತ್ರಿಯಿಡೀ ಕೂರುತ್ತಾಳೆ, ಎಲ್ಲ ಮಾಡುತ್ತಾಳೆ, ನಾನು ಮಾತಾಡುವಾಗ ಮಾತ್ರ ಅವಳ ಕಣ್ಣು ನನ್ನ ಗದ್ದದಿಂದ ಕೆಳಗೆ, ಬಾಯಿಯನ್ನು ದಾಟಿಕೊಂಡೇ ಹೋಗುತ್ತದೆ, ಅವಳ ಗಂಡ ಸತ್ತ ಜಾಗ ಇದು, ಬಂದರಿನಲ್ಲಲ್ಲ, ಇಲ್ಲಿ.

ಆಲೋ? — ಎತ್ತಿದರು. ಆದರೆ ತಾಯಿಯದಲ್ಲ ಈ ದನಿ, ಸಣ್ಣದು, ಚುರುಕು, ಏದುಸಿರು, ಎಲ್ಲಿಂದಲೋ ಓಡಿ ಬಂದಿದೆ, ಕೋಳಿ ಕೂಗುತ್ತಿದೆ ಅದರ ಹಿಂದೆ. ನಾನು ಯೆನಿ, ನೀವು ಎಡ್ವಿನ್ ಅಣ್ಣನ ಹಡಗಿನವರೇನ್ರಿ? ಅದು ಸ್ಪ್ಯಾನಿಶೇ, ಆದರೆ ನನ್ನ ತಲೆಯೊಳಗೆ ಮಂಗೋರ್ ಹಿಲ್ಲಿನ ನಮ್ಮ ಓಣಿಯ ಕನ್ನಡವಾಗಿ ಇಳಿಯುತ್ತಿದೆ, ತಡೆಯಲಾಗುತ್ತಿಲ್ಲ, ಅಂವ ಅಲ್ಲೇ ಅದಾನೇನ್ರಿ, ಅಂವಗ ಫೋನ್ ಕೊಡ್ರಿ, ನನಗ ಬೂಟು ತರತೀನಿ ಅಂದಾನ. ಹೌದು, ಹಡಗಿನ ಆಫೀಸಿನವರು, ಎನ್ನುತ್ತೇನೆ, ಎಡ್ವಿನ್ ಬಗ್ಗೆ ಏನೂ ಅನ್ನದೆ, ತಾಯಿಯನ್ನು ಕರೆಯಮ್ಮ. ಅವ್ವ ಇಲ್ಲೇ ಅದಾಳ್ರಿ, ಆದರ ಅಕಿಗೆ ಸ್ಪ್ಯಾನಿಶ್ ಬರಂಗಿಲ್ಲ, ಕೆಚುವಾ ಅಷ್ಟ, ನಮ್ಮ ಬೆಟ್ಟದ ಮಾತು. ಎಷ್ಟು ವರ್ಷ ನಿನಗೆ? ಹತ್ತ್ರಿ. ಏನಂತಾಳ, ಏನಂತಾಳ, ಎನ್ನುತ್ತಿದ್ದಾರೆ ಮಿಲಿಂದ ಸರ್, ಪೆನ್ನಿನಿಂದ ಮೇಜು ತಟ್ಟುತ್ತ, ಅಷ್ಟರಲ್ಲಿ ಆ ಕಡೆಯಿಂದ ಮತ್ತೆ ಆ ದನಿ, ನಾನು ಅದನ್ನು ಇಂಗ್ಲಿಷಿಗೆ ತರಬೇಕು, ಕೂಡಿಸದೆ, ಇಟ್ಟುಕೊಳ್ಳದೆ, ನಾನು ಎಂದೇ, ತರುತ್ತೇನೆ, ಬಾಯಿ ತಾನಾಗಿ ಹೇಳುತ್ತದೆ, ನನ್ನ ತಾಯಿಗೆ ಎಲ್ಲವನ್ನೂ ನಾನೇ ಹೇಳುವುದು, ನಾನು ಚೆನ್ನಾಗಿ ಹೇಳುತ್ತೇನೆ, ಒಂದು ಮಾತೂ ಬಿಡುವುದಿಲ್ಲ, ನನಗೆ ಹೇಳಿ. ಹೇಳಿ ಮುಗಿಸಿದ ಮೇಲೆ ಕೇಳಿಸಿತು ನನಗೆ, ಯಾರ ಮಾತು ಇದು, ಅವಳದೋ, ನನ್ನದೋ, ಕುರ್ಚಿಯ ಕೈ ಹಿಡಿದುಕೊಂಡೆ, ಅಳು ಬರುತ್ತಿದೆ, ಅಳಬಾರದು, ನಲ್ಲಿ ಅಳುವುದಿಲ್ಲ. ತಂಗಿ ಸರ್, ಹತ್ತು ವರ್ಷ, ತಾಯಿಗೆ ಸ್ಪ್ಯಾನಿಶ್ ಬರಂಗಿಲ್ಲಂತ, ಎನ್ನುತ್ತೇನೆ. ಬೇರೆ ಯಾರೂ ಇಲ್ಲೇನ್ರಿ ಅಲ್ಲೆ ದೊಡ್ಡವರು? ಕೇಳುತ್ತೇನೆ ಸರ್. ಯೆನಿ, ದೊಡ್ಡವರು ಯಾರಿದ್ದಾರೆ? ಮಾಮಾ ಅದಾನ್ರಿ, ಕೆಳಗ ಅಂಗಡಿಯಾಗ, ಓಡಿ ಹೋಗಬೇಕು, ಯಾಕ್ರಿ, ನನಗ ಹೇಳ್ರಲ್ಲ. ಮಿಲಿಂದ ಸರ್ ಕಣ್ಣು ಮುಚ್ಚಿ ತೆರೆದರು, ಮೊದಲೇ ಹೇಳಿದೆನಲ್ಲ, ಕೆಟ್ಟವರಲ್ಲ, ಭಾಳ ಕೆಟ್ಟ ಅನಸ್ತದ್ರಿ, ಆದರ ಏನ ಮಾಡೋದು, ಲೈನು ಮತ್ತ ಸಿಗತದೋ ಇಲ್ಲೋ, ಇವತ್ತ ತಿಳಸೇಬೇಕು, ಅಕಿಗೇ ಹೇಳಿಬಿಡ್ರಿ, ಸಾವಕಾಶ ಹೇಳ್ರಿ, ಅವ್ವಗ ಹೇಳು ಅಂತ ಹೇಳ್ರಿ.

ಅವ್ವಗ ಹೇಳು — ಟವೆಲ್ಲು ತೆಗೆದ ಬೋಳು ತಲೆ, ಬಾಗಿದ ಮುಖ, ಅವನೂ ಕೆಟ್ಟವನಾಗಿರಲಿಲ್ಲ, ಅವನ ಕಣ್ಣಲ್ಲೂ ನೀರಿತ್ತು — ಸರ್ ಓದಲು ಶುರು ಮಾಡುತ್ತಾರೆ, ವಿಷಾದದಿಂದ ಎಂಬಲ್ಲಿಯವರೆಗೆ ಬಂದಿದ್ದಾರೆ, ನನ್ನ ಬಾಯಲ್ಲಿ ಸ್ಪ್ಯಾನಿಶಿನ ವಾಕ್ಯ ಆಗಲೇ ತಯಾರಾಗಿ ಕೂತಿದೆ, ಎಷ್ಟು ಸಲೀಸಾದ ವಾಕ್ಯ, ಎಲ್ಲಿಯೂ ತೊಡರಿಲ್ಲ, ಮೇಡಂ ಕೇಳಿದ್ದರೆ ಭೇಷ್ ಅನ್ನುತ್ತಿದ್ದರು. ಯೆನಿ, ಎನ್ನುತ್ತೇನೆ, ಕೇಳಿಲ್ಲಿ, ನೀನು ಏನೂ ಹೇಳಬೇಕಾಗಿಲ್ಲ, ಯಾರಿಗೂ ಏನೂ ಹೇಳಬೇಡ, ಫೋನು ಅವ್ವನ ಕೈಯಲ್ಲಿ ಕೊಟ್ಟು ಓಡಿಹೋಗು, ಮಾಮಾನನ್ನು ಇಲ್ಲಿಗೆ ಕಳಿಸು, ನೀನು ಅಂಗಡಿಯಲ್ಲೇ ಇರು. ನಾನು ಚಲೋ ಹೇಳತೀನ್ರಿ, ಎನ್ನುತ್ತದೆ ದನಿ, ಸ್ವಲ್ಪ ಮುನಿದು. ನನಗ ಗೊತ್ತವಾ, ಎಂದೆ, ಅದಷ್ಟನ್ನು ಕನ್ನಡದಲ್ಲೇ ಅಂದುಬಿಟ್ಟೆನೇನೋ, ಆಮೇಲೆ ಸ್ಪ್ಯಾನಿಶಿನಲ್ಲಿ, ಓಡು. ಸರ್ ಓದುವುದನ್ನು ನಿಲ್ಲಿಸಿದ್ದಾರೆ, ಏನ ಹೇಳಿದ್ರಿ ಅಕಿಗೆ, ನಾ ಇನ್ನೂ ಓದೇ ಮುಗಿಸಿಲ್ಲಲ್ರೀ? ಮಾಮಾನ ಕರಿಲಿಕ್ಕೆ ಕಳಸಿದೆ ಸರ್, ನೀವು ಹೇಳಿದ್ದಲ್ಲ, ನಾನ ಹೇಳಿದ್ದು. ಕೆಂಪು ದೀಪ ನೋಡುತ್ತಿದೆ. ಹೋಯಿತು ಪ್ರಮಾಣಪತ್ರ, ಮೇಡಂ ಇದನ್ನು ಕೇಳಿಸಿಕೊಂಡು ಮೇಜು ಕುಟ್ಟುತ್ತಾರೆ, ಮತ್ತೆ ಮಡ್ಕಯಿ, ಮತ್ತೆ ಟೇಪು, ಹೋಗಲಿ, ದುಃಖವಾಗುತ್ತದೆ, ತುಂಬ ಆಗುತ್ತದೆ, ಈ ಒಂದೇ ಕೆಲಸ ನನಗೆ ಬರುತ್ತಿದ್ದದ್ದು. ಚಪ್ಪಲಿಯ ಸದ್ದು ದೂರ ಹೋಗುತ್ತಿದೆ, ಕಲ್ಲಿನ ಇಳಿಜಾರು ಇರಬೇಕು, ಸಾವಕಾಶ ಮಗು, ಜಾರಬೇಡ, ಜಾರದೆ ಹೋಗು, ತಡವಾಗಿ ಹೋಗು, ದಾರಿಯಲ್ಲಿ ಯಾರಾದರೂ ಸಿಕ್ಕರೆ ನಿಂತು ಮಾತಾಡು, ನೀನು ಓಡುವಷ್ಟು ಹೊತ್ತು ನಿನ್ನಣ್ಣ ಇದ್ದಾನೆ, ಬೂಟು ತರುತ್ತಾನೆ.

ಮತ್ತು ಈಗ ಇವಳು. ಫೋನು ಇವಳ ಕೈಯಲ್ಲಿದೆ, ಉಸಿರು ಕೇಳುತ್ತಿದೆ, ಕೋಳಿ ದೂರದಲ್ಲಿ, ಉಸಿರು ಹತ್ತಿರ, ಒಂದು ಮಾತಿಲ್ಲ ನಮ್ಮಿಬ್ಬರ ನಡುವೆ, ಇವಳ ಮಾತು ನನಗೆ ಬಾರದು, ನನ್ನ ನಾಲ್ಕು ಭಾಷೆಗಳಲ್ಲಿ ಒಂದೂ ಇವಳದಲ್ಲ, ಸರ್ ಹಾಳೆ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದ್ದಾರೆ, ನಾನು ಉಸಿರಾಡುತ್ತೇನೆ, ಅವಳು ಉಸಿರಾಡುತ್ತಾಳೆ, ಆಮೇಲೆ, ಎಡ್ವಿನ್? — ಮೆಲ್ಲಗೆ, ಅನುವಾದ ಬೇಡದ ಒಂದೇ ಒಂದು ಮಾತು. ಅವಳಿಗೆ ಗೊತ್ತಿದೆ. ಈ ಮೌನ ಕೇಳಿಯೇ ಗೊತ್ತಾಗಿದೆ, ನನ್ನ ಅವ್ವನಿಗೂ ಗೊತ್ತಿತ್ತು, ಮುಕಾದಮ ಟವೆಲ್ಲು ತೆಗೆದಾಗಲೇ ಗೊತ್ತಿತ್ತು, ನಾನು ಬಾಯಿ ತೆರೆಯುವ ಮೊದಲೇ, ಹಾಗಾದರೆ ಆ ಕೈ, ಇಷ್ಟು ವರ್ಷ ನಾನು ತಿಳಿದದ್ದು, ಅವಳು ತನ್ನ ಕಿವಿಯನ್ನು ಕಾಯಲು ಇಟ್ಟಳೆಂದು — ಎಡ್ವಿನ್? ಮತ್ತೊಮ್ಮೆ, ನಾನು ಬಾಯಿ ತೆರೆಯುತ್ತೇನೆ, ತುಟಿಯ ಮೇಲೆ ಹಿಟ್ಟು, ಹಸಿ ಜೋಳದ ಹಿಟ್ಟು, ನಾಲ್ಕು ಬೆರಳು ಈ ಕೆನ್ನೆಗೆ, ಹೆಬ್ಬೆರಳು ಆ ಕೆನ್ನೆಗೆ, ಒತ್ತಿರಲಿಲ್ಲ ಅವ್ವ, ಒಂದಿಷ್ಟೂ ಒತ್ತಿರಲಿಲ್ಲ, ಹೇಳಬ್ಯಾಡ ನನ್ನ ಕೂಸ ನೀ ಹೇಳಬ್ಯಾಡ ಎಂದು ಸುಮ್ಮನೆ ಇಟ್ಟಿದ್ದಳು, ಹಿಟ್ಟಿನ ಕೈ, ಹಿಟ್ಟಿನ ಕೈ