ರಾಣಿಯ ರವಿಕೆ

ಇಟಲಿಯ ಪಾರ್ಮಾ ನಗರದ ಒಪೆರಾ ಮಂದಿರಕ್ಕೆ ಉಡುಪು ವಿನ್ಯಾಸ ಮಾಡುತ್ತಿದ್ದ ಎರ್ಸೀಲಿಯಾ, ನಾನೂರು ವರ್ಷ ಹಿಂದಿನ ರಾಣಿಯೊಬ್ಬಳ ಉಡುಪಿಗಾಗಿ ಇಡೀ ಚಳಿಗಾಲವನ್ನು ಹಳೆಯ ವರ್ಣಚಿತ್ರಗಳ ಮುಂದೆ ಕಳೆದಿದ್ದಳು. ತೋಳಿನ ಸೀಳು, ಕತ್ತಿನ ಪಟ್ಟಿಯ ನೆರಿಗೆ, ಎದೆಯನ್ನು ಹಲಗೆಯಂತೆ ಬಿಗಿಯುವ ರವಿಕೆ, ಯಾವುದರಲ್ಲೂ ರಾಜಿಯಾಗಿರಲಿಲ್ಲ.

ತೊಡಿಸಿ ನೋಡುವ ದಿನ ರಾಣಿಯ ಪಾತ್ರದ ಗಾಯಕಿ ಒರ್ನೆಲ್ಲಾ ಕನ್ನಡಿಯ ಮುಂದೆ ನಿಂತಳು. ಚಿತ್ರದಿಂದಲೇ ಇಳಿದು ಬಂದಂತಿದ್ದಳು. ಎರ್ಸೀಲಿಯಾ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಚೆನ್ನಾಗಿದೆ ಸಿನ್ಯೋರಾ. ಆದ್ರೆ ಇದನ್ನ ಹಾಕ್ಕೊಂಡು ಹಾಡೋಕಾಗಲ್ಲ," ಎಂದಳು ಒರ್ನೆಲ್ಲಾ.

"ರಾಣಿಯರು ಬದುಕಿರೋವರೆಗೂ ಇದನ್ನೇ ಹಾಕ್ಕೊಂಡಿದ್ರು ಕಣಮ್ಮ."

"ಹಾಕ್ಕೊಂಡಿದ್ರು. ಹಾಡ್ತಿರ್ಲಿಲ್ವಲ್ಲ."

"ಎರಡು ದಿನ ಹಾಕ್ಕೋ, ರೂಢಿ ಆಗತ್ತೆ. ನಿನ್ನೆ ಪಾಸ್ತಾ ಒಂದು ತುತ್ತು ಜಾಸ್ತಿ ಆಗಿರ್ಬೇಕು."

ಒರ್ನೆಲ್ಲಾ ಸಿಟ್ಟಾಗಲಿಲ್ಲ, ನಕ್ಕಳು. ಬೆನ್ನಿನ ದಾರ ಸಡಿಲಿಸಿಕೊಂಡು, ಎರ್ಸೀಲಿಯಾಳ ಎರಡೂ ಕೈಗಳನ್ನು ತನ್ನ ಪಕ್ಕೆಗಳ ಮೇಲೆ ಇಟ್ಟುಕೊಂಡಳು. "ಸುಮ್ನೆ ಹಿಡ್ಕೊಂಡಿರಿ."

ಒಪೆರಾದಲ್ಲಿ ರಾಣಿ ತನ್ನ ಮಗನನ್ನು ಬೀಳ್ಕೊಡುವ ಹಾಡನ್ನು ಒರ್ನೆಲ್ಲಾ ಎತ್ತಿಕೊಂಡಳು. ಅಂಗೈಯ ಕೆಳಗೆ ಪಕ್ಕೆಲುಬುಗಳು ನಿಧಾನವಾಗಿ ಅರಳಿದವು. ಬೆನ್ನು ಕೂಡ ಅಗಲವಾಯಿತು. ಉಸಿರು ಅಷ್ಟೂ ಹೊತ್ತು ಅಲ್ಲೇ ನಿಂತು, ಎಳೆ ಎಳೆಯಾಗಿ ಸ್ವರವಾಗಿ ಹೊರಗೆ ಹೋಗುತ್ತಿತ್ತು. ಮೂವತ್ತು ವರ್ಷದಿಂದ ಗಾಯಕರಿಗೆ ಬಟ್ಟೆ ಹೊಲಿಸುತ್ತಿದ್ದರೂ ಹಾಡುವ ಮೈಯನ್ನು ಎರ್ಸೀಲಿಯಾ ಒಮ್ಮೆಯೂ ಮುಟ್ಟಿರಲಿಲ್ಲ. ಅಳತೆ ತೆಗೆಯುವಾಗ ಎಲ್ಲರಿಗೂ "ಅಲುಗಾಡಬೇಡಿ" ಎನ್ನುತ್ತಿದ್ದವಳು ಅವಳೇ.

ಆ ಸಂಜೆ ಅವಳು ತಾನೇ ಕೂತು ರವಿಕೆಯ ಎರಡೂ ಪಕ್ಕ ಬಿಚ್ಚಿದಳು. ಗಟ್ಟಿ ಪಟ್ಟಿಗಳನ್ನು ತೆಗೆದು, ಉಸಿರಿಗೆ ತಕ್ಕಂತೆ ತೆರೆದು ಮುಚ್ಚುವ ಮಡಿಕೆಗಳನ್ನು ಕೊಟ್ಟಳು. ಇತಿಹಾಸ ಬಲ್ಲವರು ತಪ್ಪು ಹುಡುಕಿದರೆ ಹುಡುಕಲಿ ಎಂದುಕೊಂಡಳು. ಆದರೂ ತೆಗೆದ ಪಟ್ಟಿಗಳನ್ನು ಎಸೆಯದೆ ಪೆಟ್ಟಿಗೆಯಲ್ಲಿ ಎತ್ತಿಟ್ಟಳು.

ಮೊದಲ ಪ್ರದರ್ಶನದ ದಿನ ಅವಳು ಎಲ್ಲಕ್ಕಿಂತ ಮೇಲಿನ ಗ್ಯಾಲರಿಯಲ್ಲಿ ಕೂತಳು. ಹಾಡು ಹಿಡಿಸದಿದ್ದರೆ ಮುಲಾಜಿಲ್ಲದೆ ಕೂಗಿ ಅಡಗಿಸುವ ಜನ ಅಲ್ಲಿಯವರು. ಬೀಳ್ಕೊಡುಗೆಯ ಹಾಡು ಮುಗಿದಾಗ ಯಾರೂ ಕೂಗಲಿಲ್ಲ. ಚಪ್ಪಾಳೆ ನಿಲ್ಲಲೇ ಇಲ್ಲ.

ವಿರಾಮದಲ್ಲಿ ತಡೆಯಲಾರದೆ ಪಕ್ಕದ ಮುದುಕನನ್ನು ಕೇಳಿದಳು: "ಯಜಮಾನ್ರೇ, ರಾಣಿ ಉಡುಪು ಹೇಗಿತ್ತು?"

"ಉಡುಪಾ? ಕಣ್ಣು ಮುಚ್ಕೊಂಡಿದ್ದೆ ಕಣಮ್ಮ. ಕಣ್ಣು ಬಿಟ್ರೆ ಹಾಡು ಸರಿಯಾಗಿ ಕೇಳ್ಸಲ್ಲ ನಂಗೆ."

ಇಡೀ ಚಳಿಗಾಲದ ದುಡಿಮೆಯನ್ನು ಈ ಮನುಷ್ಯ ನೋಡಿಯೇ ಇರಲಿಲ್ಲ. ಎರ್ಸೀಲಿಯಾಳಿಗೆ ಬೇಸರವೇನೋ ಆಯಿತು. ಮುಂದಿನ ಅಂಕದಲ್ಲಿ ಸ್ವಲ್ಪ ಹೊತ್ತು ತನ್ನ ಹೊಲಿಗೆಯನ್ನೇ ನೋಡುತ್ತ ಕೂತಳು. ಆಮೇಲೆ ಅವಳೂ ಕಣ್ಣು ಮುಚ್ಚಿದಳು.